ಎರಡನೇ ಸೀಡಿ ಹಾಕುವ ಹೊತ್ತು

ದಢೇಸುಗೂರಿಗೆ ಸಿನೆಮಾ ಎರಡು ದಿಕ್ಕಿನಿಂದ ಬರುತ್ತಿತ್ತು. ತುಂಗಭದ್ರೆಯ ಸೇತುವೆ ದಾಟಿ ಸಿರುಗುಪ್ಪದಿಂದ ಒಂದಿಷ್ಟು, ಈಚೆ ಸಿಂಧನೂರಿನಿಂದ ಒಂದಿಷ್ಟು. ಥಿಯೇಟರಿಗೆ ಹೋಗಬೇಕೆಂದರೆ ಬಸ್ಸು ಹಿಡಿಯಬೇಕು, ಸೆಕೆಂಡ್ ಶೋ ನೋಡಿದರೆ ವಾಪಸ್ ಬರಲು ಬಸ್ಸಿಲ್ಲ. ಹಾಗಾಗಿ ನಮ್ಮ ವಾರಗೆಯವರಿಗೆ ಸಿನೆಮಾ ಬಿಡುಗಡೆ ಎಂದರೆ ಪೋಸ್ಟರ್ ಬೀಳುವ ಶುಕ್ರವಾರವಲ್ಲ, ಅದರ ಸೀಡಿ ಅಂಗಡಿಗೆ ಬಂದ ದಿನ. ಸಿಂಧನೂರಿಗೆ ಗೊಬ್ಬರಕ್ಕೋ ಔಷಧಕ್ಕೋ ಹೋದವರು ಯಾರೇ ಆಗಲಿ, ಸೀಡಿ ಅಂಗಡಿಗೆ ಹಣಿಕಿ ಹಾಕದೆ ಬರುತ್ತಿರಲಿಲ್ಲ.

'ಗಾಳಿಪಟ' ತೆರೆಗೆ ಬಂದದ್ದು 2008ರ ಜನವರಿ 18ಕ್ಕೆ. ನಮ್ಮ ಕಡೆ ಆಗ ಎರಡನೇ ಬೆಳೆಯ ನಾಟಿ. ಎಡದಂಡೆ ಕಾಲುವೆಗೆ ನೀರು ಬಿಟ್ಟಿರುವಾಗ ಮೊಣಕಾಲುದ್ದ ಕೆಸರಿನಲ್ಲಿ ನಿಂತ ಊರಿಗೆ ಸಿನೆಮಾದ ನೆನಪಾದರೂ ಎಲ್ಲಿಂದ ಬರಬೇಕು? ಕೊಯ್ಲಾಗಿ, ನೆಲ್ಲು ಮಿಲ್ಲಿಗೆ ಹೋಗಿ, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಅದರ ಸೀಡಿ ನಮ್ಮ ಕೈಗೆ ಸಿಕ್ಕಿತು. ಗಣೇಶ್, ದಿಗಂತ್, ರಾಜೇಶ್ ಕೃಷ್ಣನ್ ಎಂಬ ಮೂವರು ಗೆಳೆಯರು, ಅವರ ಪ್ರೀತಿ, ಜಗಳ, ನಡುವೆ ಅನಂತನಾಗ್. ಯೋಗರಾಜ ಭಟ್ಟರು 'ಮುಂಗಾರು ಮಳೆ'ಯ ನಂತರ ಮಾಡಿದ ಚಿತ್ರ. ಪೇಟೆಯ ಬದುಕು ಬೇಸರವಾಗಿ ಮೂವರೂ ಮುಗಿಲುಪೇಟೆ ಎಂಬ ಊರಿಗೆ ಹೋಗುತ್ತಾರೆ. ಆ ಮುಗಿಲುಪೇಟೆಯ ಮಂಜನ್ನು ಮಡಿಕೇರಿ ಹತ್ತಿರದ ಮಾಂದಲಪಟ್ಟಿಯಲ್ಲಿ ಹಿಡಿದಿದ್ದರು. ಇವತ್ತಿಗೂ ಪ್ರವಾಸಿಗರು ಆ ಬೆಟ್ಟವನ್ನು ಮುಗಿಲುಪೇಟೆ ಎಂದೇ ಕರೆಯುತ್ತಾರೆ.

ನಾವು ಆ ಮಂಜನ್ನು ನೋಡಿದ್ದು ರಾಯಚೂರು ಜಿಲ್ಲೆಯ ಮೇ ತಿಂಗಳ ರಾತ್ರಿಯಲ್ಲಿ. ಫ್ಯಾನು ತಿರುಗಿದರೂ ಬಿಸಿಗಾಳಿಯೇ. ಪಡಸಾಲೆಯ ಗೂಡಿನಲ್ಲಿದ್ದ ಟಿವಿಯನ್ನು ಹೊರಗಿನ ಕಟ್ಟೆಗೆ ತಂದಿಟ್ಟು, ಬಾಡಿಗೆಯ ಪ್ಲೇಯರಿಗೆ ವೈರ್ ಚುಚ್ಚಿ, ಅಂಗಳಕ್ಕೆ ನೀರು ಹೊಡೆದು ಚಾಪೆ ಹಾಸುತ್ತಿದ್ದೆವು. ಬಾಡಿಗೆಗೆ ಎಲ್ಲರದೂ ಪಟ್ಟಿ. ಕರೆಂಟು ಇರುವ ತನಕ ಸಿನೆಮಾ, ಹೋದರೆ ಬರುವ ತನಕ ಹರಟೆ.

ವೀಡಿಯೋ ಸೀಡಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 74 ನಿಮಿಷ. ಎರಡೂವರೆ ಗಂಟೆಯ ಕನ್ನಡ ಸಿನೆಮಾಕ್ಕೆ ಎರಡು ಸೀಡಿ, ಕೆಲವಕ್ಕೆ ಮೂರು. ಚಿತ್ರ 352ಕ್ಕೆ 288 ಚುಕ್ಕಿಗಳಷ್ಟೇ, ಇವತ್ತಿನ ಫೋನಿನಲ್ಲಿ ಅದನ್ನು ಹಾಕಿದರೆ ಮಕ್ಕಳು ಮುಖ ಸಿಂಡರಿಸುತ್ತಾರೆ. ಸೀಡಿ ಮುಗಿಯುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಹುಡುಗಿ ಏನೋ ಹೇಳಲು ಬಾಯಿ ತೆರೆದಿರುತ್ತಾಳೆ, ಪರದೆ ನೀಲಿಯಾಗಿಬಿಡುತ್ತದೆ.

"ಕಾಕಾ, ಎರಡ್ನೇ ಸೀಡಿ ಹಾಕ್ಲೇನ್ರಿ?"

"ತಡಿಯಪಾ, ನೀರು ಕುಡಿದು ಬರ್ತೀನಿ. ನಿಮ್ಮವ್ವನ್ನೂ ಕರಿ, ಒಳಗ ಒಬ್ಬಾಕಿನ ಏನು ಮಾಡ್ತಾಳ?"

ನಾನು ಈ ಲೇಖನ ಬರೆಯಲು ಕೂತದ್ದೇ ಆ ಹೊತ್ತಿಗಾಗಿ. ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ಒಬ್ಬರು ಸೀಡಿಯನ್ನು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು, ಗೀರು ಬಿದ್ದಿದೆಯೇ ಎಂದು ಬಲ್ಬಿಗೆ ಹಿಡಿದು ನೋಡುತ್ತಿದ್ದರು. ಉಳಿದವರು ಕಥೆಯನ್ನು ಕೈಗೆತ್ತಿಕೊಳ್ಳುತ್ತಿದ್ದರು. ಅವನು ಹೇಳಬೇಕಿತ್ತು, ಇವಳು ಒಪ್ಪಬಾರದಿತ್ತು ಎಂದು ಶುರುವಾದ ಮಾತು ನೋಡನೋಡುತ್ತ ಊರಿನ ಪ್ರೀತಿಗಳಿಗೆ, ಕೂಡಿಬರದ ಮದುವೆಗಳಿಗೆ, ನಮ್ಮ ನಮ್ಮ ಒಳಗಿನ ಗುಟ್ಟುಗಳಿಗೆ ಹೊರಳುತ್ತಿತ್ತು. ಗಾಳಿಪಟ ನೋಡಿದ ರಾತ್ರಿ ಆ ಬಿಡುವಿನಲ್ಲಿಯೇ ನಮ್ಮೊಳಗೊಬ್ಬ, ಇಡೀ ದಿನ ಸುಮ್ಮನಿದ್ದವ, "ನಾ ಬೆಂಗ್ಳೂರಿಗೆ ಹೊಂಟೀನಿ" ಎಂದ. ಪರದೆಯ ಮೇಲಿನವರು ಪೇಟೆ ಬಿಟ್ಟು ಹಳ್ಳಿಗೆ ಬಂದಿದ್ದರು, ಅವನು ಹಳ್ಳಿ ಬಿಟ್ಟು ಹೊರಟಿದ್ದ. ಎರಡನೇ ಸೀಡಿಯ ಹಾಸ್ಯಕ್ಕೆ ಆಮೇಲೆ ಯಾರೂ ಸರಿಯಾಗಿ ನಗಲಿಲ್ಲ.

ಸೀಡಿ ಕೈಯಿಂದ ಕೈಗೆ ಓಡಾಡುವ ವಸ್ತುವಾಗಿತ್ತು ಎಂಬುದೂ ದೊಡ್ಡ ಮಾತೇ. ಮೊದಲನೆಯದು ಒಬ್ಬರ ಮನೆಯಲ್ಲಿ, ಎರಡನೆಯದು ಇನ್ನೊಬ್ಬರ ಮನೆಯಲ್ಲಿ ಉಳಿದಿರುತ್ತಿತ್ತು. ಪೂರ್ತಿ ಸಿನೆಮಾ ಬೇಕೆಂದರೆ ಎರಡೂ ಮನೆ ಹತ್ತಿಳಿಯಬೇಕು, ಎರಡೂ ಮನೆಯಲ್ಲಿ ಚಾ ಕುಡಿಯಬೇಕು. ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದ ತೆಲುಗು ರೈತರ ಕ್ಯಾಂಪುಗಳು ಸಿಂಧನೂರು ಸೀಮೆಯ ತುಂಬ ಇವೆಯಲ್ಲ, ಅಲ್ಲಿನ ಗೆಳೆಯರು 'ಹ್ಯಾಪಿ ಡೇಸ್' ಕೊಟ್ಟು ಗಾಳಿಪಟ ಒಯ್ದಿದ್ದರು. ಶೇಖರ್ ಕಮ್ಮುಲ ಅವರ ಆ ಚಿತ್ರವೂ ಕಾಲೇಜು ಗೆಳೆಯರ ಪ್ರೇಮದ್ದೇ. 2009ರಲ್ಲಿ ಅದು 'ಜಾಲಿ ಡೇಸ್' ಆಗಿ ಕನ್ನಡಕ್ಕೆ ಬಂದಾಗ ನಮಗೆ ಅದರ ಕಥೆಯೆಲ್ಲ ಗೊತ್ತಿತ್ತು, ಅರ್ಧಂಬರ್ಧ ತೆಲುಗೂ ಬರುತ್ತಿತ್ತು.

ಸಂತೆಯಲ್ಲಿ ಸಿಗುತ್ತಿದ್ದ ಸೀಡಿಗಳಲ್ಲಿ ಕಳ್ಳಸೀಡಿಗಳೇ ಬಹಳ ಎಂಬುದನ್ನು ಮುಚ್ಚಿಡಲಾರೆ. ಅದರಿಂದ ನಿರ್ಮಾಪಕರ ಹೊಟ್ಟೆಯ ಮೇಲೆ ಹೊಡೆತ ಬಿತ್ತು. ಅಸಲಿ ಸೀಡಿ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು, ಬೆಲೆಯೂ ಕೂಲಿಯವರಿಗೆ ಎಟುಕುವಂತಿರಲಿಲ್ಲ. 2007ರಲ್ಲಿ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವೀಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ಶುರುಮಾಡಿತು. ಆಗ ಮೊದಲ ಸಲ ನಮ್ಮಂಥವರ ಮನೆಯಲ್ಲೂ ಬಣ್ಣದ ಹೊದಿಕೆಯ, ಕಂಪನಿಯ ಹೆಸರಿರುವ ಸೀಡಿಗಳು ಸಾಲಾಗಿ ನಿಂತವು. ಓದುವ ಪುಸ್ತಕ ನಾಲ್ಕೂ ಇರದ ಮನೆಯಲ್ಲಿ ಸಿನೆಮಾದ ಒಂದು ಸಣ್ಣ ಭಂಡಾರ! ಆ ಸಂಭ್ರಮವೂ ಬಹಳ ಕಾಲ ಬಾಳಲಿಲ್ಲ. ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಸಿನೆಮಾ ತುಂಬಿಕೊಡತೊಡಗಿದರು. 2016ರಲ್ಲಿ ಜಿಯೋ ಬಂತು. 2018ರಲ್ಲಿ ಮೋಸರ್ ಬೇರ್ ಕಂಪನಿಯನ್ನೇ ಮುಚ್ಚಿ ಆಸ್ತಿ ಮಾರಲು ಆದೇಶವಾಯಿತು. ಸೀಡಿ ಅಂಗಡಿಗಳು ಒಂದೊಂದಾಗಿ ರೀಚಾರ್ಜ್ ಅಂಗಡಿಗಳಾದವು.

'ಗಾಳಿಪಟ 2' ಥಿಯೇಟರಿಗೆ ಬಂದದ್ದು 2022ರ ಆಗಸ್ಟ್ 12ಕ್ಕೆ. ಎರಡು ತಿಂಗಳು ತುಂಬುವುದರೊಳಗೆ ಜೀ ಫೈವ್‌ನಲ್ಲಿತ್ತು. ಅನಂತನಾಗ್ ಈ ಸಲ ಕನ್ನಡ ಮೇಷ್ಟ್ರು. ಗಣೇಶ್, ದಿಗಂತ್ ಅವರೇ, ರಾಜೇಶ್ ಕೃಷ್ಣನ್ ಜಾಗದಲ್ಲಿ ಪವನ್ ಕುಮಾರ್. ಮೂವರಲ್ಲಿ ಒಬ್ಬ ಬದಲಾದದ್ದು ನನ್ನನ್ನು ತುಂಬ ಕಾಡಿತು, ನಮ್ಮ ಗುಂಪಿನಲ್ಲೂ ಹಳಬರೆಲ್ಲ ಉಳಿದಿಲ್ಲ. ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಮಸ್ಕಿಯಲ್ಲಿ, ಒಬ್ಬ ಸಿಂಧನೂರಿನ ಅಕ್ಕಿ ಮಿಲ್ಲಿನಲ್ಲಿ. ನಾವು ನಾಲ್ವರೂ ಆ ಸಿನೆಮಾ ನೋಡಿದೆವು, ನಾಲ್ಕು ಫೋನುಗಳಲ್ಲಿ, ನಾಲ್ಕು ಬೇರೆ ಬೇರೆ ರಾತ್ರಿ. ಬೆಂಗಳೂರಿನವನಿಗೆ ಹೇಗನಿಸಿತು ಎಂದು ಕೇಳಿದರೆ, "ಅರ್ಧಾ ನೋಡೀನಲೇ, ಇನ್ನರ್ಧಾ ಬಸ್ಸಿನ್ಯಾಗ ನೋಡ್ತೀನಿ" ಎಂದ. ಈಗ ಸಿನೆಮಾ ಎಲ್ಲಿ ಬೇಕಾದರೂ ನಿಲ್ಲುತ್ತದೆ, ನಿಂತಾಗ ಮಾತಾಡಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಗಾಳಿಪಟದಂಥ ದೊಡ್ಡ ಸಿನೆಮಾ ಎಲ್ಲಾದರೂ ಸಿಕ್ಕೀತು. ನನ್ನ ಚಿಂತೆ ಆ ಕಾಲದ ಸಣ್ಣ ಸಿನೆಮಾಗಳದ್ದು. ಎರಡು ವಾರ ಓಡಿ, ಸೀಡಿಯಾಗಿ, ಯಾವ ಆ್ಯಪಿಗೂ ಏರದೆ ಉಳಿದವು ಎಷ್ಟೋ. ಅವುಗಳ ಸೀಡಿಗಳೂ ಈಗ ಕೆಡುತ್ತಿವೆ. ಒಳಗಿನ ತೆಳು ಅಲ್ಯುಮಿನಿಯಂ ಪದರಕ್ಕೆ ಗಾಳಿ, ತೇವ ತಾಗಿದರೆ ಮಾಸಲು ಕಲೆ ಹುಟ್ಟಿ ಹರಡುತ್ತದೆ, ಅಲ್ಲಿಂದಾಚೆಗೆ ಯಾವ ಪ್ಲೇಯರೂ ಓದುವುದಿಲ್ಲ. ನದಿ ದಂಡೆಯ ನಮ್ಮ ಮನೆಗಳಲ್ಲಿ ತೇವಕ್ಕೇನು ಬರ? ಟ್ರಂಕಿನಲ್ಲಿ, ಅಟ್ಟದ ಮೇಲೆ ಸೀಡಿ ಇಟ್ಟುಕೊಂಡವರು ದಯವಿಟ್ಟು ಈ ವರ್ಷವೇ ಅವನ್ನು ತೆಗೆದು ನೋಡಿ. ಸೀಡಿ ಡ್ರೈವ್ ಇರುವ ಹಳೆಯ ಕಂಪ್ಯೂಟರಿಗೆ ಹಾಕಿದರೆ 'ಎಂಪೆಗ್ಎವಿ' ಎಂಬ ಫೋಲ್ಡರು ಕಾಣುತ್ತದೆ, ಅದರೊಳಗಿನ ಡ್ಯಾಟ್ ಫೈಲೇ ಸಿನೆಮಾ. ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ, ಹೊದಿಕೆಯ ಎರಡೂ ಬದಿಯ ಫೋಟೋ ತೆಗೆಯಿರಿ. ಎರಡನೆಯ ಸೀಡಿ ಪಕ್ಕದ ಮನೆಯಲ್ಲಿದ್ದರೆ ಹೋಗಿ ಕೇಳಿ.