ಮಾಳಮಡ್ಡಿಯಿಂದ ಕುಂದಗೋಳಕ್ಕೆ

ಧಾರವಾಡದ ಮಾಳಮಡ್ಡಿಯ ದಿನಚರಿಯಲ್ಲಿ ಗಡಿಯಾರದ ಪಾಲೆಷ್ಟೋ ರೇಲ್ವೆಯ ಪಾಲೂ ಅಷ್ಟೇ. ನಿಲ್ದಾಣದ ಮಗ್ಗುಲಿಗೇ ಹಬ್ಬಿರುವ ಈ ಬಡಾವಣೆಯಲ್ಲಿ ಗಾಡಿಯ ಸಿಳ್ಳು ಕೇಳಿ ಒಲೆ ಹೊತ್ತಿಸಿದ ಮನೆಗಳೂ, ಗಾಡಿಯ ಸಿಳ್ಳು ಕೇಳಿ ದೀಪ ಆರಿಸಿದ ಮನೆಗಳೂ ಕಡಿಮೆಯಿರಲಾರವು. ಮಾಳವೆಂದರೆ ಎತ್ತರದ ಬಯಲು. ಮಡ್ಡಿಯೆಂದರೂ ದಿಬ್ಬದ ಗಟ್ಟಿನೆಲವೇ. ಹೀಗೆ ಎರಡು ಸಲ ಎತ್ತರವನ್ನು ಹೇಳಿಕೊಂಡ ಊರುಕೇರಿ ಇದು. ಕೆಮ್ಮಣ್ಣಿನ ನೆಲ, ಹಂಚಿನ ಹಳೆಯ ಮನೆಗಳು, ಅವುಗಳ ನಡುನಡುವೆ ತಲೆಯೆತ್ತಿರುವ ಹೊಸ ಮಹಡಿಗಳು, ವನವಾಸಿ ರಾಮಮಂದಿರ, ಕೆ. ಇ. ಬೋರ್ಡಿನ ಶಾಲೆ: ಮಾಳಮಡ್ಡಿಯ ಚಿತ್ರಕ್ಕೆ ಇಷ್ಟು ಸಾಕು.

ಧಾರವಾಡಕ್ಕೂ ರೇಲ್ವೆಗೂ ಇರುವ ನಂಟು ಹಳೆಯದು. ಸದರ್ನ್ ಮರಾಠಾ ರೇಲ್ವೆ ಕಂಪನಿಯ ಮುಖ್ಯ ಕಚೇರಿ ಇದ್ದುದು ಇಲ್ಲಿಯೇ. 1908ರಲ್ಲಿ ಆ ಕಂಪನಿ ಮದ್ರಾಸ್ ರೇಲ್ವೆಯೊಡನೆ ಕೂಡಿಕೊಂಡಿತು. ಕಚೇರಿ ಊರು ಬಿಟ್ಟಿತು. ಅದರ ಭವ್ಯವಾದ ಕಟ್ಟಡ 1917ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜಿಗೆ ಮನೆಯಾಯಿತು. ಸಾಹೇಬರ ಲೆಕ್ಕದ ಪುಸ್ತಕಗಳಿದ್ದಲ್ಲಿ ಕನ್ನಡದ ಹುಡುಗರು ಷೇಕ್ಸ್‌ಪಿಯರನನ್ನು ಓದಿದರು. ಒಳ್ಳೆಯ ಅದಲುಬದಲೇ ಸರಿ.

ಈ ದಾರಿಯಲ್ಲಿ ಓಡಾಡಿದ ಸರಕು ಹತ್ತಿ, ಕಾಳುಕಡಿ ಮಾತ್ರವಲ್ಲ. ತಂಬೂರಿಗಳೂ ಓಡಾಡಿವೆ. ಅವುಗಳೊಡನೆ ಓಡಾಡಿದವರ ಕಥೆಯನ್ನು ತಿಳಿಯಬೇಕಾದರೆ ಮೊದಲು ಇದೇ ಊರಿನ ಹಳೆಯ ಭಾಗವಾದ ಶುಕ್ರವಾರಪೇಟೆಗೆ ಹೋಗಬೇಕು.

ಅಲ್ಲಿ 1913ರ ಮಾರ್ಚ್ 5ರಂದು ಗಂಗೂಬಾಯಿ ಹಾನಗಲ್ಲರು ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತವನ್ನು ಬಲ್ಲ ಗಾಯಕಿ. ಹಾಡುವ ಮನೆತನದ ಹೆಣ್ಣುಮಕ್ಕಳ ಹಾಡನ್ನು ಊರು ಕೇಳುತ್ತಿತ್ತು. ಹಾಡಿದವಳನ್ನು ಮಾತ್ರ ಹೊಸ್ತಿಲ ಹೊರಗೇ ನಿಲ್ಲಿಸುತ್ತಿತ್ತು. ನೆರೆಯವರ ತೋಟದಲ್ಲಿ ಮಾವಿನಕಾಯಿಗೆ ಆಸೆಪಟ್ಟು ಕಾಲಿಟ್ಟಾಗ, ಕಾಯಿ ಹೋಯಿತೆಂಬ ಸಿಟ್ಟಿಗಿಂತ ಹಾಡುವವಳ ಮಗಳು ತೋಟಕ್ಕೆ ಬಂದಳೆಂಬ ಸಿಟ್ಟೇ ಆ ಜನಕ್ಕೆ ಹೆಚ್ಚಾಗಿತ್ತೆಂಬುದನ್ನು ಗಂಗೂಬಾಯಿಯವರು ಮುಪ್ಪಿನಲ್ಲಿಯೂ ಮರೆತಿರಲಿಲ್ಲ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದವರಲ್ಲಿ ಈ ಬಾಲಕಿಯೂ ಒಬ್ಬಳು. ಹಾಡು ತಪ್ಪೀತೆಂಬ ಅಂಜಿಕೆ ಅವಳಿಗಿರಲಿಲ್ಲ. ಊಟದ ಹೊತ್ತಿಗೆ ಬೇರೆ ಕೂಡಿಸಿಯಾರು, ಎಲೆ ತೆಗೆಯಲು ಹೇಳಿಯಾರು ಎಂಬುದೇ ಅಂಜಿಕೆ.

ಮಗಳ ಹಿಂದುಸ್ತಾನಿ ಗಾಯನಕ್ಕೆ ತನ್ನ ಶೈಲಿ ಅಡ್ಡಿಯಾಗಬಾರದೆಂದು ಅಂಬಾಬಾಯಿ ತಮ್ಮ ಹಾಡುಗಾರಿಕೆಯನ್ನೇ ಬಿಟ್ಟುಕೊಟ್ಟರು. 1928ರಲ್ಲಿ ಸಂಸಾರ ಹುಬ್ಬಳ್ಳಿಗೆ ಸಾಗಿತು. 1932ರಲ್ಲಿ ಆ ತಾಯಿ ತೀರಿಕೊಂಡರು. ಗಂಗೂಬಾಯಿಯವರಿಗೆ ಆಗ ಹತ್ತೊಂಬತ್ತು ವರ್ಷ. ಕೈಹಿಡಿದ ಗುರುರಾವ ಕೌಲಗಿಯವರು ವಕೀಲರು. ಆದರೆ ಅವರು ಕೈಹಾಕಿದ ವ್ಯಾಪಾರಗಳು ನಿಲ್ಲಲಿಲ್ಲ. ಮನೆಯ ಭಾರವೆಲ್ಲ ಒಂದು ಕಂಠದ ಮೇಲೆ ಬಿತ್ತು.

ಮಾಳಮಡ್ಡಿಯ ಮಗ್ಗುಲಿನ ನಿಲ್ದಾಣದಲ್ಲಿ ಗಾಡಿ ಹತ್ತಿದ ಪ್ರವಾಸಿಗೆ ಪೇರಲಕ್ಕೆ ಹೆಸರಾದ ನವಲೂರು ಮೊದಲು ಎದುರಾಗುತ್ತದೆ, ಮುಂದೆ ಉಣಕಲ್ಲು, ಅನಂತರ ಹುಬ್ಬಳ್ಳಿ. 2023ರಲ್ಲಿ ಉದ್ಘಾಟನೆಗೊಂಡ ಇಲ್ಲಿಯ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರು. ಜಗತ್ತಿನಲ್ಲಿಯೇ ಅತಿ ಉದ್ದದ್ದೆಂಬ ಹೆಗ್ಗಳಿಕೆ ಅದರದು. ಮಕ್ಕಳನ್ನೂ ಮೂಟೆಗಳನ್ನೂ ಎಳೆದುಕೊಂಡು ಡಬ್ಬಿ ಹುಡುಕುವವರಿಗೆ ಈ ಹೆಗ್ಗಳಿಕೆ ಎಷ್ಟು ರುಚಿಸುವುದೋ! ಅಲ್ಲಿಂದ ಬೆಂಗಳೂರಿನ ದಾರಿ ಹಿಡಿದರೆ ನೆಲದ ಬಣ್ಣವೇ ಬೇರೆ. ಧಾರವಾಡದ ಕೆಂಪು ಹಿಂದೆ ಸರಿದು ಎರೆಭೂಮಿಯ ಕಪ್ಪು ಹಾಸಿಕೊಳ್ಳುತ್ತದೆ. ಆ ಕಪ್ಪಿನ ನಡುವೆ ಕುಂದಗೋಳ.

ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ, ಶಂಭುಲಿಂಗನ ಪುರಾತನ ಗುಡಿಯುಳ್ಳ ಈ ಸಣ್ಣ ಊರಿನಲ್ಲಿ ರಾಮಭಾವು ಕುಂದಗೋಳಕರರು ಇದ್ದರು. ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರ ವಹಿಸಿ ‘ಸವಾಯಿ ಗಂಧರ್ವ’ರೆನಿಸಿಕೊಂಡವರು. ಹುಟ್ಟಿನಿಂದ ಬಂದ ಇಂಪಿನ ದನಿ ಅವರದಲ್ಲ. ಒಡೆದ ದನಿಯನ್ನು ಸಾಧನೆಯಿಂದ ತಿದ್ದಿ ಪಳಗಿಸಿದವರು. ಅವರನ್ನು ತಿದ್ದಿದ ಗುರು ಉತ್ತರದ ಕಿರಾನಾ ಊರಿನ ಉಸ್ತಾದ್ ಅಬ್ದುಲ್ ಕರೀಂ ಖಾನರು. ಖಾನಸಾಹೇಬರ ಕೊನೆಗಾಲ ಬಂದುದೂ ರೇಲ್ವೆಯ ದಾರಿಯಲ್ಲಿಯೇ. 1937ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆ ಹೊರಟವರು ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಅಲ್ಲಿಯೇ ಪ್ರಾಣ ಬಿಟ್ಟರು.

ಖಾನಸಾಹೇಬರ ಒಂದು ತಟ್ಟೆ ಗದಗಿನ ಹುಡುಗನೊಬ್ಬನ ನಿದ್ದೆ ಕೆಡಿಸಿತ್ತು. ಶಾಲಾಮಾಸ್ತರರ ಮಗನಾದ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಟಿಕೆಟಿಲ್ಲದ ಪಯಣ, ಹಾಡಿ ಗಳಿಸಿದ ತುತ್ತು. ಗ್ವಾಲಿಯರ, ಕಲಕತ್ತೆ, ಜಲಂಧರ. ಜಲಂಧರದಲ್ಲಿ ಕಣ್ಣಿಲ್ಲದ ಗುರು ಮಂಗತರಾಮರಲ್ಲಿ ಕಲಿಯುತ್ತಿದ್ದಾಗ, ವಿನಾಯಕರಾವ ಪಟವರ್ಧನರು ಊರ ಬಳಿಯಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರದ ಅಲೆದಾಟವೇಕೆಂದು ತಿಳಿಹೇಳಿದರಂತೆ. ನಾಡೆಲ್ಲ ಸುತ್ತಿದ ಹುಡುಗ 1936ರಲ್ಲಿ ಮನೆಯ ಹಿತ್ತಿಲಿಗೇ ಬಂದು ಸೇರಿದಂತಾಯಿತು. ಕುಂದಗೋಳದಲ್ಲಿ ಮೊದಲು ಸಿಕ್ಕಿದ್ದು ಪಾಠವಲ್ಲ, ನೀರಿನ ಕೊಡ. ಗುರುಗಳ ಮನೆಗೆ ದೂರದಿಂದ ನೀರು ಹೊತ್ತ. ಹೇಳಿದ ಕೆಲಸ ಮಾಡಿದ. ಅನಂತರ ತೋಡಿ, ಮುಲ್ತಾನಿ, ಪೂರಿಯಾ: ಈ ಮೂರೇ ರಾಗಗಳಲ್ಲಿ ವರ್ಷಗಳು ಸವೆದವು.

ಹುಬ್ಬಳ್ಳಿಯಿಂದ ಗಂಗೂಬಾಯಿ ರೇಲ್ವೆಯಲ್ಲಿ ಪಾಠಕ್ಕೆ ಬರತೊಡಗಿದ್ದು ಇದೇ ಮನೆಗೆ. ನಿಲ್ದಾಣದಿಂದ ಗುರುಗಳ ಮನೆಯವರೆಗಿನ ನಡಿಗೆಯೇ ಒಂದು ಪರೀಕ್ಷೆ. ಕಿಟಕಿ ಬಾಗಿಲುಗಳಲ್ಲಿ ಮುಖಗಳು ಮೂಡುತ್ತಿದ್ದವು; ‘ಗಾನೇವಾಲಿ’ ಬಂದಳೆಂಬ ಮಾತು ಓಣಿಯುದ್ದಕ್ಕೂ ಬೆನ್ನಟ್ಟುತ್ತಿತ್ತು. ಮಕ್ಕಳನ್ನು ಮನೆಯಲ್ಲಿ ಬಿಟ್ಟುಬಂದ ತಾಯಿ ಅದನ್ನು ಕೇಳಿಯೂ ಕೇಳದವರಂತೆ ನಡೆಯಬೇಕು. ಕುಳಿತು ನಾಲ್ಕು ಸ್ವರಗಳನ್ನು ಜಿಪುಣನು ನಾಣ್ಯ ಎಣಿಸಿದಂತೆ ಎಣಿಸಿ ಬಳಸುವುದನ್ನು ಕಲಿಯಬೇಕು. ಪಾಠ ಮುಗಿಯುವಷ್ಟರಲ್ಲಿ ಕತ್ತಲು. ಆಗ ನಿಲ್ದಾಣದವರೆಗೆ ಜೊತೆಗೆ ನಡೆದು ಗಾಡಿ ಹತ್ತಿಸಿ ಬರುತ್ತಿದ್ದವನು ಭೀಮಸೇನ.

ಹೊರಗಿನಿಂದ ನೋಡಿದರೆ ಹೊಂದಿಕೆಯಿಲ್ಲದ ಜೋಡಿ. ಆಕೆ ಒಂಬತ್ತು ವರ್ಷ ಹಿರಿಯಳು, ಊರು ದೂರವಿಟ್ಟ ಮನೆತನದವಳು. ಈತ ಮನೆಯನ್ನೇ ಬಿಟ್ಟು ಓಡಿದ ಬ್ರಾಹ್ಮಣರ ಹುಡುಗ. ಒಬ್ಬರನ್ನು ಸಮಾಜ ಹೊರಗಿಟ್ಟಿತ್ತು. ಇನ್ನೊಬ್ಬ ತಾನಾಗಿ ಹೊರಬಿದ್ದಿದ್ದ. ಬೆಳಕಿರುವಾಗ ಬಾಯಿಗೆ ಬಂದಂತೆ ಆಡಿದ ಊರಿನಲ್ಲಿ ಕತ್ತಲಾದ ಮೇಲೆ ಒಬ್ಬ ತಮ್ಮನ ಜೊತೆ ಸಿಕ್ಕಿದ್ದು ಸಣ್ಣ ಮಾತಲ್ಲ. ದಾರಿಯಲ್ಲಿ ಅವರು ಏನು ಮಾತಾಡಿದರೆಂಬುದಕ್ಕಿಂತ, ಆ ದಾರಿಯನ್ನು ಒಬ್ಬಳೇ ನಡೆಯಬೇಕಾಗಲಿಲ್ಲವೆಂಬುದೇ ದೊಡ್ಡದು.

ಕಷ್ಟಗಳೇನೂ ಅಲ್ಲಿಗೇ ನಿಲ್ಲಲಿಲ್ಲ. 1942ರಲ್ಲಿ ಗುರುಗಳಿಗೆ ಪಾರ್ಶ್ವವಾಯು ಬಡಿಯಿತು. ಆ ದಶಕದಲ್ಲಿಯೇ ಗಂಟಲ ಬೇನೆಗೆ ಚಿಕಿತ್ಸೆಯಾಗಿ ಗಂಗೂಬಾಯಿಯವರ ತೆಳುದನಿ ಗಂಡಸಿನ ದನಿಯಂತೆ ಗಡುಸಾಯಿತು. ಬೇರೆಯವರಾಗಿದ್ದರೆ ತಂಬೂರಿಗೆ ಗವಸು ಹಾಕಿಬಿಡುತ್ತಿದ್ದರು. ಒಡೆದ ದನಿಯನ್ನು ಪಳಗಿಸಿದ ಗುರುವಿನ ಶಿಷ್ಯೆ ಆ ಗಡಸುತನವನ್ನೇ ತಮ್ಮ ಗಾಯನದ ಗುರುತಾಗಿ ಮಾಡಿಕೊಂಡರು. 1946ರಲ್ಲಿ ಪುಣೆಯಲ್ಲಿ ಗುರುಗಳ ಅರವತ್ತರ ಸಮಾರಂಭದಲ್ಲಿ ಭೀಮಸೇನರು ಹಾಡಿ ಹೆಸರು ಗಳಿಸಿದರು. 1952ರ ಸೆಪ್ಟೆಂಬರಿನಲ್ಲಿ ಸವಾಯಿ ಗಂಧರ್ವರು ಕಣ್ಮುಚ್ಚಿದರು. ಮರುವರ್ಷ ಭೀಮಸೇನರು ಪುಣೆಯಲ್ಲಿ ಆರಂಭಿಸಿದ ಗುರುಸ್ಮರಣೆಯ ಉತ್ಸವಕ್ಕೆ ಗಂಗೂಬಾಯಿಯವರು ಮುಪ್ಪಿನವರೆಗೂ ಹೋಗಿ ಹಾಡುತ್ತ ಬಂದರು. 1966ರಲ್ಲಿ ಪತಿ ಹೋದರು. 2004ರಲ್ಲಿ, ಪಕ್ಕದಲ್ಲಿ ಕುಳಿತು ದನಿಗೂಡಿಸುತ್ತಿದ್ದ ಮಗಳು ಕೃಷ್ಣಾ ಹೋದರು. ಗಂಗೂಬಾಯಿಯವರು 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಭೀಮಸೇನರು 2011ರ ಜನವರಿಯಲ್ಲಿ.

ಕುಂದಗೋಳದಲ್ಲಿಯೂ ಗುರುಗಳ ಪುಣ್ಯತಿಥಿಯ ಸಂಗೀತೋತ್ಸವ ನಾಡಿಗೇರರ ವಾಡೆಯಲ್ಲಿ ನಡೆದುಕೊಂಡು ಬಂದಿದೆ. ಖಾನಸಾಹೇಬರೂ ಬಂದು ಹಾಡಿದ ವಾಡೆ ಅದು. ಮರದ ಕಂಬಗಳ ಆ ಹಜಾರದಲ್ಲಿ ಅಹೋರಾತ್ರಿ ಹಾಡು. ಧಾರವಾಡ ಹುಬ್ಬಳ್ಳಿಗಳ ಕಡೆಯಿಂದ ಬಂದ ಕೇಳುಗರು ಬೆಳಗಿನ ರಾಗ ಮುಗಿಯುತ್ತಲೇ ಚೀಲ ಹೆಗಲಿಗೇರಿಸಿ, ಓಣಿಗಳನ್ನು ದಾಟಿ, ನಿಲ್ದಾಣದ ಕಡೆಗೆ ಹೆಜ್ಜೆಹಾಕುತ್ತಾರೆ.