ಪಿನಾಕಿನಿಯ ನೊರೆ

ಕಳೆದ ಆಶ್ವಯುಜದ ಒಂದು ಬೆಳಿಗ್ಗೆ ಐದನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೊಸೂರಿನ ಸಮೀಪದ ಕೆಲವರಪಳ್ಳಿ ಜಲಾಶಯಕ್ಕೆ ಹೋಗಿದ್ದೆನು. ಜಲಚರಗಳ ಪಾಠವನ್ನು ನೀರಿನ ದಡದಲ್ಲಿಯೇ ಹೇಳಬೇಕೆಂಬುದು ನನ್ನ ಬಹುದಿನದ ಬಯಕೆ. ಆದರೆ ಕಟ್ಟೆಯ ಕೆಳಗೆ ನಮಗೆ ಮೊದಲು ಕಂಡದ್ದು ನೀರಲ್ಲ, ರಾಶಿ ರಾಶಿ ಬಿಳಿಯ ನೊರೆ. ಮಕ್ಕಳು ಹಿಮವೆಂದು ಕುಣಿದರು. ಒಬ್ಬ ಹುಡುಗಿ ಮಾತ್ರ ಕುಣಿಯಲಿಲ್ಲ. ಅವಳ ತಂದೆ ಆ ಹೊಳೆಯಲ್ಲಿ ಬಲೆ ಬೀಸಿ ಸಂಸಾರ ಸಾಗಿಸುವವನು. "ಇದರೊಳಗೆ ಮೀನು ಹೇಗಿರುತ್ತದೆ?" ಎಂದು ಕೇಳಿದಳು.

ಈ ಹೊಳೆಯ ಮಾತು ಬಂದಾಗಲೆಲ್ಲ ನನಗೊಂದು ಹೆಮ್ಮೆಯಿತ್ತು. ನಮ್ಮ ದಕ್ಷಿಣ ಪಿನಾಕಿನಿ, ತಮಿಳರ ತೆನ್‌ಪೆಣ್ಣೈ, ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆಯನ್ನು ಹಾದು, ಇಲ್ಲಿಗೆ ಬಂದು, ಕೃಷ್ಣಗಿರಿ, ಸಾತನೂರುಗಳ ಅಣೆಕಟ್ಟುಗಳನ್ನು ದಾಟಿ ಕಡಲೂರಿನ ಬಳಿ ಸಮುದ್ರವನ್ನು ಸೇರುತ್ತದೆ. ಗಡಿಯಾಚೆಯಲ್ಲಿರುವ ನಮಗೆ ಇದು ಕನ್ನಡನಾಡು ಕಳುಹಿದ ತೌರಿನ ಉಡುಗೊರೆ ಎನ್ನುತ್ತಿದ್ದೆನು. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಚೆಯೂ ಅದೇ ಹೊಳೆಗೆ ಬೀಳುವುದೆಂಬುದನ್ನು, 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿದ ಸುದ್ದಿ ಕೇಳಿದ ಮೇಲೆಯೂ, ಪಾಠದಲ್ಲಿ ಸೇರಿಸಿರಲಿಲ್ಲ.

ಕೊಳಚೆ ಕೊಳೆಯುವಾಗ ನೀರಿನ ಆಮ್ಲಜನಕ ತೀರಿ ಮೀನು ಸಾಯುವುದೆಂದು ಹುಡುಗಿಗೆ ಹೇಳಿದೆನು. ಅದು ನಿಜ, ಆದರೆ ಅರ್ಧ ನಿಜ. ಉಳಿದರ್ಧ ನನಗೆ ತಿಳಿದದ್ದು ಆ ರಾತ್ರಿಯ ಓದಿನಲ್ಲಿ.

ಹಾರ್ಮೋನ್ ಎಂಬುದು ದೇಹವು ತನಗೆ ತಾನೇ ಬರೆದುಕೊಳ್ಳುವ ಓಲೆ. ಕೆಲವು ಮಾರ್ಜಕಗಳು ಕೊಳಚೆಯಲ್ಲಿ ಒಡೆದಾಗ ಹುಟ್ಟುವ ನೊನೈಲ್‌ಫೀನಾಲ್ ಹೆಣ್ತನದ ಹಾರ್ಮೋನಿನ ಕಳ್ಳ ಓಲೆಯಾಗಬಲ್ಲದು. ಗರ್ಭನಿರೋಧಕ ಗುಳಿಗೆಯ ಅಂಶವೂ ಮೂತ್ರದ ಮೂಲಕ ಹೊಳೆಯನ್ನು ಸೇರುತ್ತದೆ. ಮೀನಿನ ದೇಹ ಓಲೆಯನ್ನು ನಂಬುತ್ತದೆ, ಬರೆದವರಾರೆಂದು ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಕೊಳಚೆ ಶುದ್ಧೀಕರಣ ಕೇಂದ್ರಗಳ ನೀರು ಹೊರಬೀಳುವೆಡೆ ಪಂಜರದಲ್ಲಿಟ್ಟ ಗಂಡು ಮೀನುಗಳ ರಕ್ತದಲ್ಲಿ ಮೊಟ್ಟೆಯ ಭಂಡಾರದ ಪ್ರೋಟೀನು ಕಂಡಿತೆಂದು 1994ರಲ್ಲಿ ಪ್ರಕಟವಾಯಿತು. 1998ರಲ್ಲಿ ಸೂಸನ್ ಜಾಬ್ಲಿಂಗ್, ಜಾನ್ ಸಂಪ್ಟರ್ ಮೊದಲಾದವರು ಅಲ್ಲಿಯ ನದಿಗಳ ಗಂಡು ಮೀನುಗಳ ವೃಷಣದಲ್ಲಿಯೇ ಮೊಟ್ಟೆಗಳನ್ನು ಕಂಡುದಾಗಿ ಬರೆದರು. ಟೈನ್, ಮರ್ಸಿ ನದಿಗಳು ಕಡಲನ್ನು ಕೂಡುವ ಅಳಿವೆಗಳಲ್ಲಿಯೂ ಗಂಡು ಮೀನುಗಳಲ್ಲಿ ಅದೇ ಪ್ರೋಟೀನು ದೊರೆಯಿತು. ಕೆನಡಾದ ಒಂದು ಕೆರೆಗೆ 2001ರಿಂದ 2003ರವರೆಗೆ ಗುಳಿಗೆಯ ಹಾರ್ಮೋನನ್ನು ಬೇಕೆಂದೇ ಬೆರೆಸಿ ನೋಡಿದರು. ಒಂದು ಲೀಟರಿಗೆ 5–6 ನ್ಯಾನೋಗ್ರಾಮ್. ನ್ಯಾನೋಗ್ರಾಮ್ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಅಷ್ಟಕ್ಕೇ ಅಲ್ಲಿಯ ಒಂದು ಜಾತಿಯ ಸಣ್ಣ ಮೀನಿನ ಸಂತತಿ ಅಳಿವಿನಂಚಿಗೆ ಬಂದಿತು.

ಸತ್ತ ಮೀನು ತೇಲುತ್ತದೆ, ನಾರುತ್ತದೆ, ಜನರನ್ನು ಕರೆಯುತ್ತದೆ. ಹುಟ್ಟದೆ ಹೋದ ಮೀನು ಯಾರನ್ನು ಕರೆದೀತು? ಬಲೆ ಹಗುರವಾದುದು ಬೆಸ್ತನೊಬ್ಬನಿಗೇ ತಿಳಿಯುವುದು.

ಮರುದಿನ ಉಳಿದರ್ಧವನ್ನೂ ಮಕ್ಕಳಿಗೆ ಹೇಳಿದೆನು. "ಹಾಗಾದರೆ ಅಪ್ಪ ಬಲೆ ಬೀಸುವುದನ್ನು ಬಿಡಬೇಕೆ?" ಎಂದಳು ಆ ಹುಡುಗಿ. ಬಿಡಬೇಕಾದವನು ಅವನಲ್ಲವೆಂದೆನು. ಯುರೋಪಿನ ಒಕ್ಕೂಟವು ನೊನೈಲ್‌ಫೀನಾಲಿಗೆ ಮೂಲವಾದ ಮಾರ್ಜಕಗಳನ್ನು 2003ರಲ್ಲಿಯೇ ನಿರ್ಬಂಧಿಸಿತು. ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಹೇಳುತ್ತಿರುವಾಗ ನನ್ನ ಬಿಳಿಯ ಅಂಗಿಯ ಮೇಲೆ ಕಣ್ಣು ಬಿತ್ತು. ಹಿಂದಿನ ಭಾನುವಾರ ಬೆಂಗಳೂರಿನ ಬಂಧುಗಳ ಮನೆಯಲ್ಲಿ ಒಗೆದುಕೊಂಡು ಬಂದದ್ದು. ಆ ನೀರು ಇಷ್ಟು ಹೊತ್ತಿಗೆ ಅವಳಪ್ಪನ ಬಲೆಯನ್ನು ಮುಟ್ಟಿರಬಹುದು.

ತೌರಿನ ಉಡುಗೊರೆಯೆಂಬ ಮಾತನ್ನು ಈಗ ತರಗತಿಯಲ್ಲಿ ಆಡುವುದಿಲ್ಲ. ಆ ಮಾತನ್ನು ಮತ್ತೆ ಆಡುವಂತಾಗಲಿ ಎಂಬುದೊಂದೇ ನನ್ನ ಹಾರೈಕೆ.