ಗ್ಯಾಸ್ ಆಫ್ ಮಾಡಿದೆನಾ?

1
ಪರಿಚಯದವರೊಬ್ಬರು ಊರಿಗೆ ಹೊರಡುವಾಗ ಸ್ಟೌವಿನ ನಾಬ್ ಮುಟ್ಟಿ ನೋಡುತ್ತಾರೆ. ರೆಗ್ಯುಲೇಟರ್ ತಿರುಗಿಸಿ ನೋಡುತ್ತಾರೆ. ಬೀಗ ಹಾಕುತ್ತಾರೆ, ತೆಗೆಯುತ್ತಾರೆ. ಮತ್ತೆ ಅಡುಗೆಮನೆ. ಹೊರಗೆ ಆಟೋದವನ ಹಾರ್ನ್. ಕೊನೆಗೆ ನಾಬಿನ ಫೋಟೊ ತೆಗೆದುಕೊಂಡು ಬಸ್ಸು ಹತ್ತುತ್ತಾರೆ. ಬಸ್ಸಿನಲ್ಲಿ ಫೋಟೊ ನೋಡುತ್ತಾರೆ. ನಿನ್ನೆಯದೇನೋ ಎಂದು ತಾರೀಖು ನೋಡುತ್ತಾರೆ.

2
ಆಫ್ ಆಗಿದೆ ಎಂದು ಅವರಿಗೆ ಗೊತ್ತು. ಕೇಳಿದರೆ ಅವರೇ ಹೇಳುತ್ತಾರೆ.

3
ಕ್ರಿಕೆಟ್ ಗೀಳು. ಸಿನಿಮಾ ಗೀಳು. ಗೀಳು ಕಾಯಿಲೆ. ಮೊದಲೆರಡರಲ್ಲಿ ಖುಷಿ ಇದೆ. ಡಾಕ್ಟರ್ ಚೀಟಿಯಲ್ಲಿ ಬರೆಯುವುದು ಒಸಿಡಿ ಎಂದು. ಅದೇ ವಾಸಿ ಅನ್ನಿಸುತ್ತದೆ.

4
1987, ಲಾಸ್ ಏಂಜಲೀಸ್. ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಈ ಕಾಯಿಲೆಯವರ ಮಿದುಳನ್ನು ಪೆಟ್ ಸ್ಕ್ಯಾನ್‌ನಲ್ಲಿ ನೋಡಿದರು. ಕಣ್ಣುಗುಳಿಯ ಮೇಲ್ಗಡೆಯ ಭಾಗದಲ್ಲಿ, ಒಳಗಿನ ಕಾಡೇಟ್‌ನಲ್ಲಿ ಗ್ಲೂಕೋಸ್ ಖರ್ಚು ಜಾಸ್ತಿ ಇತ್ತು. ಕಾಡೇಟ್ ಎಂದರೆ ಬಾಲವುಳ್ಳದ್ದು.

5
ಮಿದುಳಿನ ಮುಂಭಾಗದಿಂದ ಕಾಡೇಟ್‌ಗೆ, ಅಲ್ಲಿಂದ ಮುಂದಕ್ಕೆ ಥಾಲಮಸ್‌ಗೆ, ಥಾಲಮಸ್‌ನಿಂದ ಮತ್ತೆ ಮುಂಭಾಗಕ್ಕೆ. ಈ ಸುತ್ತು ಎಲ್ಲರಲ್ಲೂ ಇದೆ.

6
1992, ಅದೇ ತಂಡ. ಕೆಲವರಿಗೆ ಫ್ಲೂಯಾಕ್ಸೆಟಿನ್ ಮಾತ್ರೆ. ಕೆಲವರಿಗೆ ಮಾತ್ರೆ ಇಲ್ಲ, ವರ್ತನಾ ಚಿಕಿತ್ಸೆ: ಹೆದರಿದ್ದನ್ನು ಮುಟ್ಟುವುದು, ಮುಟ್ಟಿ ಕೈ ತೊಳೆಯದೆ ಕೂರುವುದು. ಎರಡೂ ಗುಂಪಿನಲ್ಲಿ ಗುಣ ಕಂಡವರ ಬಲಗಡೆಯ ಕಾಡೇಟ್‌ನಲ್ಲಿ ಖರ್ಚು ಇಳಿದಿತ್ತು.

ಕೈ ತೊಳೆಯದೆ ಕೂತದ್ದೂ ಸ್ಕ್ಯಾನ್‌ನಲ್ಲಿ ಕಾಣುತ್ತದೆ.

7
2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಇಲಿಗಳ ಸ್ಯಾಪ್ಯಾಪ್3 ಎಂಬ ಒಂದು ಜೀನ್ ತೆಗೆದರು. ಇಲಿಗಳು ಮುಖ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡವು. ಫ್ಲೂಯಾಕ್ಸೆಟಿನ್ ಕೊಟ್ಟಾಗ ಉಜ್ಜುವುದು ಕಮ್ಮಿಯಾಯಿತು. ಇಲಿಗೂ ಏನಾದರೂ ಕೊಳೆ ಕಂಡಿತ್ತೇ?

8
ಪಂಜ ನೆಕ್ಕಿ ಹುಣ್ಣು ಮಾಡಿಕೊಳ್ಳುವ ನಾಯಿಗಳಿವೆ. ಅವಕ್ಕೂ ಕ್ಲೋಮಿಪ್ರಮಿನ್ ಎಂಬ, ಈ ಕಾಯಿಲೆಯ ಇನ್ನೊಂದು ಮಾತ್ರೆ ಕೊಟ್ಟು ನೋಡಿದ್ದಾರೆ. ಹಲವಕ್ಕೆ ಕಮ್ಮಿಯಾಯಿತು.

9
ನೆದರ್‌ಲ್ಯಾಂಡ್ಸ್, 2003ರಲ್ಲಿ ಪ್ರಕಟವಾದ ಪ್ರಯೋಗ. ಕಾಯಿಲೆ ಇಲ್ಲದ ವಿದ್ಯಾರ್ಥಿಗಳು. ಕಂಪ್ಯೂಟರ್ ಪರದೆಯಲ್ಲಿ ಗ್ಯಾಸ್ ಒಲೆ. ಹಚ್ಚಿ, ಆರಿಸಿ, ಆರಿತೇ ನೋಡಿ. ಇನ್ನೊಮ್ಮೆ. ಮತ್ತೊಮ್ಮೆ. ಕೊನೆಯ ಸಲ ನೋಡಿದ್ದು ಯಾವ ನಾಬ್‌ಗಳು? ಉತ್ತರ ಸರಿಯಾಗಿಯೇ ಇತ್ತು. ಆದರೆ ಆ ನೆನಪು ಮಸುಕು, ಅದರ ಮೇಲೆ ನಂಬಿಕೆ ಕಮ್ಮಿ.

ನೋಡಿದಷ್ಟೂ ಮಸುಕು. ಎರಡು ಸಲ ಓದಿ ಬರೆದುಕೊಂಡೆ.

10
ಅಜ್ಜಿಯ ಮಡಿ ನೆನಪಾಗುತ್ತದೆ. ಒದ್ದೆ ಸೀರೆ, ಬಾವಿಕಟ್ಟೆ, ದೂರ ನಿಂತ ಮಕ್ಕಳು. ಆದರೆ ಮಡಿಗೆ ಮುಗಿಯುವ ಹೊತ್ತು ಇತ್ತು. ಊಟವಾದ ಮೇಲೆ ಅಜ್ಜಿ ನಮ್ಮನ್ನು ತೊಡೆ ಮೇಲೆ ಕೂರಿಸಿಕೊಳ್ಳುತ್ತಿದ್ದರು.

11
ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಬೇರೆ ಕ್ಲಿನಿಕ್ ಇದೆ.

12
ಪರಿಚಯದವರಿಗೆ ಈಗ ಡಾಕ್ಟರ್ ಹೋಮ್‌ವರ್ಕ್ ಕೊಟ್ಟಿದ್ದಾರೆ. ಒಮ್ಮೆ ಆಫ್ ಮಾಡಿ ಹೊರಡಬೇಕು. ಫೋಟೊ ಇಲ್ಲ. ಹೆಂಡತಿಯನ್ನು ಕೇಳುವಂತಿಲ್ಲ. ಹೆಂಡತಿಗೂ ಹೇಳಿದ್ದಾರೆ: ಕೇಳಿದರೂ "ಆಫ್ ಮಾಡಿದ್ದೀರಿ, ಬನ್ನಿ" ಅನ್ನಬಾರದು.

ಮೊನ್ನೆ ಬಸ್ಸಿನಲ್ಲಿ ತುಮಕೂರಿನವರೆಗೆ ಇಬ್ಬರೂ ಮಾತಾಡಲಿಲ್ಲವಂತೆ.